ಹಂಡೆಯೊಳಗಿನ ಮಗ

ನಾಗಮಂಗಲದ ಹಳೇ ಪೇಟೆಯ ಒಂದು ಓಣಿಯಲ್ಲಿ ‘ಬಾಬಾಜಾನ್ ಅಂಡ್ ಸನ್ಸ್, ತಾಮ್ರದ ಬಾಯ್ಲರ್ ತಯಾರಕರು’ ಎಂಬ ಬೋರ್ಡು ಇದೆ. ಬಿಸಿಲಿಗೆ ಬಣ್ಣ ಉದುರಿ ಬಾಬಾಜಾನ್ ಸಾಹೇಬರ ಹೆಸರು ಅರ್ಧ ಅಳಿಸಿಹೋಗಿದೆ. ‘ಸನ್ಸ್’ ಮಾತ್ರ ನೆಟ್ಟಗೆ ನಿಂತಿದೆ. ಅಳಿಸಬೇಕಾದ್ದು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸುತ್ತದೆ, ಏನು ಮಾಡೋಣ. ಸಾಹೇಬರಿಗೆ ಇದ್ದದ್ದು ಒಬ್ಬನೇ ಮಗ, ಮುಸವ್ವಿರ್. ಆ ಒಬ್ಬನೂ ಬಾಯ್ಲರಿನ ಒಳಗೆ ಇಳಿದು ಕೆಲಸ ಮಾಡಿದವನಲ್ಲ. ಇಳಿದವಳು ಮಗಳು ಶಮ್ಸುನ್ನೀಸಾ. ಹತ್ತು ವರ್ಷದ ಹುಡುಗಿಯಾಗಿ ಇಳಿದವಳು ಐವತ್ತರ ಹತ್ತಿರ ಬಂದರೂ ಇಳಿಯುತ್ತಲೇ ಇದ್ದಳು. ಸುತ್ತಲ ತಾಲ್ಲೂಕುಗಳ ಛತ್ರ, ಹಾಸ್ಟೆಲು, ಮದುವೆ ಮಂಟಪಗಳಲ್ಲಿ ಆ ಬಾಯ್ಲರುಗಳ ಬಿಸಿನೀರು ಹೊಯ್ದುಕೊಂಡವರು ಎಷ್ಟು ಜನವೋ. ಅವರಲ್ಲಿ ಒಬ್ಬರಿಗೂ ಅವಳ ಹೆಸರು ಗೊತ್ತಿಲ್ಲ.

ಬಾಯ್ಲರಿನ ಒಳಗೆ ಇಳಿಯುವುದೆಂದರೆ ಏನೆಂದು ಮೊದಲು ಹೇಳಿಬಿಡಬೇಕು. ಮನೆಯ ಬಚ್ಚಲ ಹಂಡೆಗೆ ಆ ತಾಪತ್ರಯ ಇಲ್ಲ, ಅದನ್ನು ಹೊರಗೆ ಕೂತೇ ತಟ್ಟಿ ಮುಗಿಸಬಹುದು. ಛತ್ರಕ್ಕೆ ಇಡುವ ದೊಡ್ಡ ಬಾಯ್ಲರಿನ ಮಾತು ಬೇರೆ. ಎದೆಮಟ್ಟದ ತಾಮ್ರದ ಡ್ರಮ್ಮು ಅದು. ತಗಡಿನ ಅಂಚಿನ ಮೇಲೆ ಅಂಚು ಕೂರಿಸಿ, ತೂತು ಹೊಡೆದು, ಸಾಲಾಗಿ ರಿವಿಟ್ಟು ಜಡಿಯಬೇಕು. ಹೊರಗಿನಿಂದ ಒಬ್ಬ ಸುತ್ತಿಗೆಯಲ್ಲಿ ಹೊಡೆಯುವಾಗ ಒಳಗಿನಿಂದ ಇನ್ನೊಬ್ಬರು ಅದೇ ರಿವಿಟ್ಟಿಗೆ ಕಬ್ಬಿಣದ ಗುಂಡು ಒತ್ತಿ ಹಿಡಿಯಬೇಕು. ಹಿಡಿಯದಿದ್ದರೆ ರಿವಿಟ್ಟು ಒಳಕ್ಕೆ ಹಾರುತ್ತದೆ, ಸಡಿಲವಾಗಿ ಹಿಡಿದರೆ ನಾಳೆ ನೀರು ಸೋರುತ್ತದೆ. ಹಾಗಾಗಿ ಮೈ ಸಣ್ಣದಿರುವ ಒಬ್ಬರು ಮೇಲಿನ ಬಾಯಿಯಿಂದ ಒಳಗಿಳಿದು, ಮೊಣಕಾಲನ್ನು ಎದೆಗೆ ಅವುಚಿಕೊಂಡು ಕೂರಬೇಕು. ಒಳಗಿನವರಿಗೆ ಹೊರಗಿನ ಕೈ ಕಾಣದು, ಹೊರಗಿನವರಿಗೆ ಒಳಗಿನ ಮುಖ ಕಾಣದು. ಮಾತೆಲ್ಲ ತಟ್ಟುವುದರಲ್ಲೇ. ಒಳಗಿನಿಂದ ಒಂದು ಸಲ ತಟ್ಟಿದರೆ ‘ಸಿದ್ಧ, ಹೊಡಿ’ ಎಂದು. ಎರಡು ಸಲ ತಟ್ಟಿದರೆ ‘ನಿಲ್ಲಿಸು’ ಎಂದು. ಎರಡು ಕೇಳಿದ ಮೇಲೆ ಎತ್ತಿದ ಸುತ್ತಿಗೆಯನ್ನು ತಗಡಿನ ಮೇಲೆ ಇಳಿಸುವಂತಿಲ್ಲ. ಬೆರಳು ಸಿಕ್ಕಿರಬಹುದು, ಉಸಿರು ಕಟ್ಟಿರಬಹುದು. ಯಾಕೆ ಎಂದು ಕೇಳುವುದೂ ಆಮೇಲೆಯೇ.

ಸಾಹೇಬರು ಕೆಲಸ ಕಲಿತದ್ದು ಪಾಂಡವಪುರದ ಕಡೆಯ ಆಲೆಮನೆಗಳಲ್ಲಿ, ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಗೆ ತೇಪೆ ಹಾಕುತ್ತ. ಒಲೆಯ ಮೇಲೆ ಏನು ಇಟ್ಟರೂ ಎಲ್ಲಿ ಬಿಸಿ ಹತ್ತುತ್ತದೆ, ಎಲ್ಲಿ ಸೀಯುತ್ತದೆ ಎಂಬುದು ಅಲ್ಲೇ ಅವರ ಕೈಗೆ ಹತ್ತಿದ್ದು. ಆಮೇಲೆ ಊರಿಗೆ ಬಂದು ಮನೆಯ ಮುಂದೆ ಶೀಟಿನ ಶೆಡ್ಡು ಹಾಕಿದರು. ದೇವಲಾಪುರದ ಮರಿಸ್ವಾಮಿ ಎಂಬ ಮೀಸೆ ಚಿಗುರುತ್ತಿದ್ದ ಹುಡುಗನನ್ನು ಸುತ್ತಿಗೆ ಹಿಡಿಯಲು ಇಟ್ಟುಕೊಂಡರು. ಮನೆಯ ಮಾತು ಉರ್ದು, ಶೆಡ್ಡಿನ ಮಾತು ಕನ್ನಡ. ಮೊದಲು ಹಂಡೆ, ಆಮೇಲೆ ನಡುವೆ ಹೊಗೆಕೊಳವೆ ಇರುವ ಮನೆ ಬಾಯ್ಲರು. ತೆಂಗಿನ ಗರಿ, ಕರಟ, ಮೆಕ್ಕೆಜೋಳದ ದಿಂಡು, ಏನು ತುರುಕಿದರೂ ನೀರು ಕುದಿಯುತ್ತದೆ ಎಂದು ಹೆಸರಾಯಿತು. ಕೊನೆಗೆ ಕೆ.ಆರ್. ಪೇಟೆಯ ಒಂದು ಛತ್ರದಿಂದ ದೊಡ್ಡ ಬಾಯ್ಲರಿನ ಆರ್ಡರು ಬಂತು. ಸಾಹೇಬರು ಅದೇ ವಾರ ಬೋರ್ಡು ಬರೆಸಿದರು. ಇರುವ ಒಬ್ಬ ಮಗನಿಗೆ ‘ಸನ್ಸ್’ ಏಕೆ ಎಂದು ಪೇಂಟರು ಕೇಳಿದ್ದಕ್ಕೆ, ‘ಅಂಗೆ ಬರೆದ್ರೇ ಕಂಪನಿ ಅನ್ನುಸ್ತದೆ, ನೀನು ಬರೀಪ್ಪ’ ಎಂದರಂತೆ.

ಒಳಗೆ ಕೂರಬೇಕಾದವನು ಹನ್ನೆರಡು ವರ್ಷದ ಮುಸವ್ವಿರ್. ಇಳಿದ. ಮರಿಸ್ವಾಮಿಯ ಮೊದಲ ಏಟು ಬಿತ್ತು. ಒಳಗಿನಿಂದ ಎದ್ದ ಕೂಗಿಗೆ ಓಣಿಯ ಜನವೆಲ್ಲ ಬಾಗಿಲಿಗೆ ಬಂದರು. ಹುಡುಗನನ್ನು ಎಳೆದು ತೆಗೆದಾಗ ಚಡ್ಡಿ ಒದ್ದೆಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಬೈದರೂ ಇಳಿಯಲಿಲ್ಲ, ಬತ್ತಾಸು ಕೊಟ್ಟರೂ ಇಳಿಯಲಿಲ್ಲ. ಅವನ ತಂಗಿ ಶಂಸು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಸ್ಟೂಲು ಹತ್ತಿ, ಲಂಗ ಸೊಂಟಕ್ಕೆ ಸಿಕ್ಕಿಸಿ, ಸರಕ್ಕನೆ ಒಳಗೆ ಜಾರಿದಳು. ‘ಅಬ್ಬಾ, ಗುಂಡು ಕೊಡಿ’ ಎಂದಳು. ಅವಳ ಪಾಲಿಗೆ ಅದು ಆಟವಾಗಿತ್ತು.

ಸರಿಯಾಗಿ ಆ ಹೊತ್ತಿಗೇ ಛತ್ರದ ಮೇನೇಜರು ನಂಜಪ್ಪ ಬಂದು ಬೆಂಚಿನ ಮೇಲೆ ಕೂರಬೇಕೆ. ಕೆಲಸ ನೋಡಿದರು, ರಿವಿಟ್ಟಿನ ಸಾಲು ನೋಡಿದರು, ತಲೆದೂಗಿದರು. ‘ಒಳಗ್ಯಾರು ಸಾಬ್ರೆ?’ ಎಂದು ಕೇಳಿದರು.

‘ನನ್ನ ಮಗ’ ಎಂದುಬಿಟ್ಟರು ಸಾಹೇಬರು.

ಪಾಪ, ಯೋಚನೆ ಮಾಡಿ ಹೇಳಿದ ಸುಳ್ಳಲ್ಲ ಅದು. ಮೊನ್ನೆ ತಾನೇ ಬೋರ್ಡು ಬರೆಸಿದ ಬಾಯಿ, ತನ್ನಷ್ಟಕ್ಕೆ ತಾನೇ ಆಡಿತು. ಆದರೆ ಆಡಿದ ಮೇಲೆ ನಿಜವಾದ ಮಗನನ್ನು ಬಚ್ಚಿಡಬೇಕಾಯಿತು. ನಂಜಪ್ಪ ಎದ್ದು ಹೋಗುವವರೆಗೂ ಮುಸವ್ವಿರ್ ಇದ್ದಿಲಿನ ಮೂಟೆಯ ಹಿಂದೆ, ಶಂಸು ಬಾಯ್ಲರಿನ ಒಳಗೆ. ಮುಂದಿನ ಸಲ ಅವರು ಬಂದಾಗ ಸಾಹೇಬರು ಮಗನ ಕೆನ್ನೆಗೆ ಮಸಿ ಬಳಿದು ಎದುರಿಗೆ ನಿಲ್ಲಿಸಿದರು. ‘ಭೇಷ್ ಕಣ್ಲಾ’ ಎಂದು ನಂಜಪ್ಪ ಅವನ ಬೆನ್ನು ತಟ್ಟಿ ಕೈಗೆ ಬಾಳೆಹಣ್ಣು ಕೊಟ್ಟರು. ಮುಸವ್ವಿರ್ ಅದನ್ನು ಅಡುಗೆಮನೆಗೆ ತಂದು ಅರ್ಧ ಮುರಿದು ತಂಗಿಗೆ ಕೊಟ್ಟ. ಅವಳು ತಿಂದಳು.

ಆಮೇಲಿನದೆಲ್ಲ ಹೀಗೆಯೇ ನಡೆಯಿತು. ಬಿಂಡಿಗನವಿಲೆಯ ಕಡೆಯಿಂದ ಬಂದವರು, ಪಾಂಡವಪುರದ ಹಾಸ್ಟೆಲಿನವರು, ಯಾರು ಬಂದು ಕೇಳಿದರೂ ‘ನನ್ನ ಮಗ’. ಹುಡುಗಿ ದೊಡ್ಡವಳಾದ ಮೇಲಂತೂ ಬಾಯಿ ಬಿಡುವ ಹಾಗೆಯೇ ಇಲ್ಲದಾಯಿತು. ವಯಸ್ಸಿಗೆ ಬಂದ ಮಗಳನ್ನು ತಾಮ್ರದೊಳಗೆ ತುರುಕಿ ಸುತ್ತಿಗೆಯಲ್ಲಿ ಹೊಡೆಸುತ್ತಾನೆ ಎಂದು ಜನ ಆಡಿಕೊಂಡರೆ? ಗಿರಾಕಿ ಬಂದ ಸುಳಿವು ಸಿಕ್ಕರೆ ಅವಳು ಒಳಗೇ ಇರಬೇಕು, ಕೆಮ್ಮಬಾರದು. ಕೆಲವರು ಟೀ ಕುಡಿದು, ಎಲೆ ಅಡಿಕೆ ಹಾಕಿ, ಮಳೆ ಬೆಳೆ ಮಾತಾಡಿ ಒಂದು ಗಂಟೆ ಕೂರುತ್ತಿದ್ದರು. ಬೇಸಿಗೆಯಲ್ಲಿ ಒಳಗೆ ಬೆವರು ತಾಮ್ರಕ್ಕೆ ತಾಗಿ ಅಂಗೈ ಹಸಿರಾಗುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಗೆರೆಗಳಲ್ಲಿ ಹಸಿರು ಉಳಿಯುತ್ತಿತ್ತು. ಬಲಗಿವಿ ಮೆಲ್ಲಗೆ ಮಂದವಾಯಿತು. ಮುಸವ್ವಿರ್ ಮೈಸೂರಿಗೆ ಹೋದಾಗಲೆಲ್ಲ ಅವಳ ಕಿವಿಗೆ ಔಷಧ ತರುತ್ತಿದ್ದ. ಅವನೇನು ಕೆಟ್ಟವನಲ್ಲ, ಅದೇ ತಾನೇ ಕಷ್ಟ.

ಹದಿನೆಂಟರಲ್ಲಿ ಒಂದು ಮದುವೆ ಮನೆಯಲ್ಲಿ ಕೆ.ಆರ್. ಪೇಟೆಯ ಒಬ್ಬ ದರ್ಜಿ ಅವಳನ್ನು ನೋಡಿದ. ‘ಕೈ ಯಾಕೆ ಹಸಿರು?’ ಎಂದು ಕೇಳಿದ. ‘ತಾಮ್ರ’ ಎಂದಳು. ಅವನು ನಗಲಿಲ್ಲ. ತನ್ನ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಲೆಗಳನ್ನು ತೋರಿಸಿದ. ಅಷ್ಟೇ ನಡೆದದ್ದು. ಆದರೆ ಶಂಸು ಅದನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಒಂದು ದಿನ ಅವನ ಹಿರಿಯರು ಹೇಳದೆ ಕೇಳದೆ ಶೆಡ್ಡಿಗೆ ಬಂದರು. ಶಂಸು ಆಗ ಬಾಯ್ಲರಿನ ಒಳಗೆ. ಬೆಂಚು ಎಳೆದ ಸದ್ದು, ಟೀ ಲೋಟದ ಸದ್ದು ಕೇಳಿತು. ಹುಡುಗಿ ಎಲ್ಲಿ ಎಂದು ಅವರು ಕೇಳಿದರು. ನೆಂಟರ ಮನೆಗೆ ಹೋಗಿದ್ದಾಳೆ ಎಂದರು ಅಬ್ಬಾ. ಹುಡುಗನಿಗೆ ಮನಸ್ಸಾಗಿದೆ, ಕೊಡುವುದು ಬಿಡುವುದು ಏನೂ ಬೇಡ, ಹೂಂ ಅನ್ನಿ ಸಾಕು ಎಂದರು ಅವರು. ಅಬ್ಬಾ ಎಲೆ ಅಡಿಕೆ ತಟ್ಟೆಯನ್ನು ಅವರ ಮುಂದೆ ಸರಿಸಿದ ಸದ್ದಾಯಿತು. ಆಮೇಲೆ, ಈಗಲೇ ಮದುವೆಯ ಯೋಚನೆ ಇಲ್ಲ, ಅಷ್ಟು ದೂರಕ್ಕೆ ಮಗಳನ್ನು ಕಳಿಸಲು ಮನಸ್ಸು ಬರುವುದಿಲ್ಲ ಎಂದರು. ಎಷ್ಟು ದೂರ? ಬಸ್ಸಿನಲ್ಲಿ ಕೂತರೆ ಊಟದ ಹೊತ್ತಿಗೆ ಹೋಗಿ ಸಂಜೆಗೆ ವಾಪಸು ಬರಬಹುದು. ಶಂಸುವಿನ ಕೈಯಲ್ಲಿ ಕಬ್ಬಿಣದ ಗುಂಡು ಇತ್ತು. ತಟ್ಟಬಹುದಿತ್ತು. ತಟ್ಟಿದ್ದರೆ ಮಗಳು ಎಲ್ಲಿದ್ದಾಳೆಂದು ಬಂದವರಿಗೆ ತಿಳಿದು ಅಬ್ಬಾನ ಮಾನ ಹೋಗುತ್ತಿತ್ತು. ತಟ್ಟಲಿಲ್ಲ. ಅವರು ಲೋಟ ಇಟ್ಟು ಎದ್ದರು, ಸಲಾಂ ಹೇಳಿದರು, ಚಪ್ಪಲಿಯ ಸದ್ದು ಓಣಿಯಲ್ಲಿ ದೂರವಾಯಿತು.

ಅಬ್ಬಾ ಬಂದು ಬಾಯ್ಲರಿನ ಬಾಯಿಗೆ ಬಗ್ಗಿದರು. ‘ಶಂಸು, ಕೆಲಸ ಮುಗಿಸೋಣವಾ?’ ಎಂದರು. ಅವರ ದನಿ ಸಣ್ಣದಾಗಿತ್ತು.

ಅವಳು ಒಂದು ಸಲ ತಟ್ಟಿದಳು. ಮರಿಸ್ವಾಮಿ ಹೊಡೆದ.

ಆಮೇಲೆ ಹಿಂದಿನ ಓಣಿಯ ಒಬ್ಬ ಲಾರಿ ಡ್ರೈವರಿಗೆ ಅವಳನ್ನು ಕೊಟ್ಟರು. ಕೂಗಿದರೆ ಓಗೊಡುವಷ್ಟು ಹತ್ತಿರ, ಅದಕ್ಕೇ ಕೊಟ್ಟದ್ದು. ಮದುವೆಯಲ್ಲಿ ಎಷ್ಟು ಮೆತ್ತಿದರೂ ಅವಳ ಅಂಗೈಗೆ ಮೆಹೆಂದಿ ಸರಿಯಾಗಿ ಹತ್ತಲಿಲ್ಲ. ಗಂಡ ಒಳ್ಳೆಯವನು. ಅರ್ಧ ತಿಂಗಳು ರಸ್ತೆಯ ಮೇಲಿರುತ್ತಿದ್ದ, ಬಂದಾಗ ಮಗಳು ಶಬ್ರೀನಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದ. ಮಗು ಶಾಲೆಗೆ ಹೋಗುವ ಹೊತ್ತಿಗೆ ಕಾಮಾಲೆಯಾಗಿ ತೀರಿಕೊಂಡ. ಶಂಸು ಮಗಳ ಕೈ ಹಿಡಿದು ಮತ್ತೆ ತವರಿಗೇ ಬಂದಳು. ಅಬ್ಬಾನೂ ಹೋದರು. ಮುಸವ್ವಿರ್ ಯಜಮಾನನಾದ. ಅವನಿಗೆ ಮಕ್ಕಳಾಗಲಿಲ್ಲ. ಆದರೂ ಗಿರಾಕಿ ಬಂದು ಒಳಗ್ಯಾರು ಎಂದರೆ ಅವನ ಬಾಯಲ್ಲೂ ಅದೇ ಉತ್ತರ, ‘ನನ್ನ ಮಗ’.

ಅಷ್ಟರಲ್ಲಿ ಊರಿಗೆ ಗೀಸರು ಬಂತು, ಸೋಲಾರು ಬಂತು. ಹಂಡೆ ಕೇಳುವವರು ಕಮ್ಮಿಯಾದರು. ಬೇಕೆಂದವರೂ ಗ್ಯಾಸ್ ವೆಲ್ಡಿಂಗಿನದೇ ಕೊಡಿ, ಬೇಗ ಆಗುತ್ತದೆ ಎಂದರು. ಊರಿನ ತಾರಸಿಗಳ ಮೇಲೆ ಸೋಲಾರು ಏರಿದ ಹಾಗೆಲ್ಲ ಮುಸವ್ವಿರನಿಗೆ ಹೊಟ್ಟೆ ಉರಿ, ಶಂಸುವಿಗೆ ಹೊಟ್ಟೆ ತಂಪು. ಬಟ್ಟೆ ಒಣಹಾಕಲು ಮೇಲೆ ಹೋದಾಗ ಅವಳು ಆ ಕರೀ ಹಲಗೆಗಳನ್ನು ನೋಡುತ್ತ ನಿಲ್ಲುತ್ತಿದ್ದಳು. ಇನ್ನು ಸ್ವಲ್ಪ ದಿನ, ಶೆಡ್ಡು ತಾನಾಗಿಯೇ ಮುಚ್ಚುತ್ತದೆ, ಶಬ್ರೀನಳಿಗೆ ಇದರ ವಾಸನೆಯೂ ತಾಗುವುದಿಲ್ಲ ಎಂದುಕೊಳ್ಳುತ್ತಿದ್ದಳು. ಶಬ್ರೀನ್ ಅಮ್ಮನ ಹಾಗೆಯೇ ಸಣ್ಣ ಮೈಯವಳು, ಕಿರಿದಾದ ಹೆಗಲು. ನೋಡಿದವರೆಲ್ಲ ‘ಥೇಟ್ ಅಮ್ಮ’ ಎಂದರೆ ಶಂಸುವಿಗೆ ಎದೆ ಧಸಕ್ ಎನ್ನುತ್ತಿತ್ತು. ಪಿಯುಸಿ ಮುಗಿಸಿದ ಮಗಳಿಗೆ ಮಂಡ್ಯದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕಿತು, ಹಾಸ್ಟೆಲೂ ಸಿಕ್ಕಿತು. ಸೋಮವಾರ ಹೊರಡುವುದೆಂದು ಬ್ಯಾಗು ತುಂಬಿ ಬಾಗಿಲ ಹಿಂದೆ ಇಟ್ಟರು.

ಆ ಹೊತ್ತಿಗೇ ಬಂದವರು ಶಿವಶಂಕರ್. ಶ್ರೀರಂಗಪಟ್ಟಣದ ಆಚೆ, ಅರಕೆರೆಯ ಕಡೆ ಹೊಳೆ ದಂಡೆಯಲ್ಲಿ ರೆಸಾರ್ಟ್ ಕಟ್ಟುತ್ತಿದ್ದವರು. ಪಟ್ಟಣದ ಜನಕ್ಕೆ ಹಳೇ ಕಾಲದ ಸ್ನಾನ ಮಾಡಿಸುತ್ತಾರಂತೆ. ಸೌದೆ ಒಲೆ, ತಾಮ್ರದ ದೊಡ್ಡ ಹಂಡೆ, ಸೀಗೆಪುಡಿ. ವೆಲ್ಡಿಂಗು ಬೇಡ, ರಿವಿಟ್ಟು ಎದ್ದು ಕಾಣಬೇಕು. ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಹೊಟ್ಟೆ ದೊಡ್ಡದು, ಬಾಯಿ ಕಿರಿದು. ಮೊದಲು ಒಂದು ಮಾಡಿ, ಚೆನ್ನಾಗಿದ್ದರೆ ಪ್ರತಿ ಕಾಟೇಜಿಗೂ ಒಂದೊಂದು ಎಂದರು. ಮುಸವ್ವಿರನ ಮುಖದಲ್ಲಿ ಬಹಳ ವರ್ಷದ ಮೇಲೆ ಕಳೆ ಬಂತು.

ಅಡುಗೆಮನೆಯಲ್ಲಿ ಶಂಸು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಅವನು ಬಂದು ಬಾಗಿಲಿಗೆ ಒರಗಿ ನಿಂತ.

‘ಬಾಯಿ ಸಣ್ಣದು ಶಂಸು. ಹೋದ ಸಲ ದೊಡ್ಡ ಬಾಯೀಲೇ ನೀನು ಸಿಕ್ಕಾಕ್ಕಂಡಿದ್ದೆ. ಮರಿಸ್ವಾಮಿ, ನಾನು, ನನ್ನ ಹೆಂಡ್ತಿ, ಮೂರು ಜನ ಎಳೆದ್ವಿ. ಶಬ್ರೀನ್ ಇಳೀಲಿ. ಒಂದು ವಾರ ತಡವಾಗಿ ಮಂಡ್ಯಕ್ಕೆ ಹೋದ್ರೆ ಏನಾಯ್ತದೆ?’

‘ಅವಳು ಇಳಿಯಲ್ಲ ಭಾಯಿ.’

‘ಒಂದೇ ಒಂದು ಸಲ.’

‘ನಾನೂ ಒಂದೇ ಒಂದು ಸಲ ಅಂತಾನೇ ಇಳಿದಿದ್ದು’ ಎಂದಳು ಶಂಸು. ಜರಡಿ ಪಕ್ಕಕ್ಕಿಟ್ಟಳು. ‘ಎಣ್ಣೆ ಹಚ್ಕೊಂಡು ನಾನೇ ಇಳೀತೀನಿ. ಸೋಮವಾರ ಕೆಲಸ ಮುಗಿಸಿಕೊಡ್ತೀನಿ. ಅವಳು ಮಧ್ಯಾಹ್ನದ ಬಸ್ಸಿಗೆ ಹೋಗ್ಬೇಕು. ಮಾತು ಕೊಡು.’

‘ಕೊಟ್ಟೆ, ಹೋಗು’ ಎಂದ ಮುಸವ್ವಿರ್.

ಸೋಮವಾರ ಬೆಳಗ್ಗೆ ಹೆಗಲಿಗೆ, ತೋಳಿಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಶಂಸು ಇಳಿದಳು. ಇಳಿಯುವಾಗ ಮೈಯ ಭಾರವೇ ಎಳೆದುಕೊಂಡಿತು, ಆದರೂ ತೋಳಿನ ಚರ್ಮ ತರಚಿತು. ಒಳಗೆ ಮೊದಲಿನಂತೆ ಮೊಣಕಾಲು ಮಡಿಸಲಾಗಲಿಲ್ಲ. ಉಸಿರು ತಗಡಿಗೆ ಬಡಿದು ಮುಖಕ್ಕೇ ವಾಪಸು ಬಂತು. ತಲೆಯ ಮೇಲೆ ಹಂಚಿನಷ್ಟಗಲ ಬೆಳಕು. ಇಷ್ಟು ವರ್ಷದಲ್ಲಿ ಅವಳಿಗೆ ಒಳಗೆ ಹೆದರಿಕೆ ಎಂದು ಆಗಿರಲಿಲ್ಲ, ಅವತ್ತು ಆಯಿತು. ಇದೊಂದೇ ತಾನೇ, ಮುಗಿದರೆ ಮುಗಿಯಿತು ಎಂದು ಹೇಳಿಕೊಂಡು ಅವಳು ಹತ್ತಿಯನ್ನು ಕಿವಿಗೆ ತುರುಕಿ ಗುಂಡು ಹಿಡಿದಳು. ತಟ್ಟಿದಳು. ಮರಿಸ್ವಾಮಿಗೂ ಈಗ ವಯಸ್ಸಾಗಿತ್ತು, ಏಟು ನಿಧಾನ, ಆದರೆ ಗುರಿ ತಪ್ಪುತ್ತಿರಲಿಲ್ಲ. ತಳದ ಸಾಲು ಮುಗಿಯಿತು. ಪಕ್ಕದ ಸಾಲಿನಲ್ಲಿ ಸ್ವಲ್ಪವೇ ಉಳಿದಿತ್ತು.

ಆಗ ಕಾರು ನಿಂತ ಸದ್ದಾಯಿತು. ಶಂಸು ಕಿವಿಯ ಹತ್ತಿ ತೆಗೆದು ಅಲುಗಾಡದೆ ಕೂತಳು.

‘ಬರ್ಬೇಕು ಸಾರ್, ಕೂತ್ಕಳಿ’ ಎಂದ ಮುಸವ್ವಿರ್. ಬೆಂಚು ಎಳೆದ ಸದ್ದು. ಶಬ್ರೀನಳಿಗೆ ಟೀ ತರಲು ಕೂಗಿದ್ದೂ ಕೇಳಿತು.

ಶಿವಶಂಕರ್ ಡ್ರಮ್ಮನ್ನು ಒಂದು ಸುತ್ತು ಹಾಕಿರಬೇಕು, ಅವರ ಉಂಗುರ ತಗಡಿಗೆ ಅಲ್ಲಲ್ಲಿ ತಾಗಿತು. ‘ಭಾಳ ಚೆನ್ನಾಗೈತೆ ಕಣ್ರಿ. ನೀವು ಕೆಲಸ ನಿಲ್ಲಿಸ್ಬೇಡಿ, ನಾನು ವಿಡಿಯೋ ತಕ್ಕತೀನಿ, ಬರೋ ಜನಕ್ಕೆ ತೋರ್ಸಕ್ಕೆ. ಒಳಗ್ಯಾರು?’

‘ನನ್ನ ಮಗ ಸಾರ್.’

‘ಉಳಿದವೂ ನಿಮಗೇ. ಆದ್ರೆ ಮಧ್ಯದಲ್ಲಿ ಆಳು ಸಿಗಲ್ಲ ಅಂತ ಕೈ ಎತ್ಬಾರ್ದು. ಈಗಿನ ಹುಡುಗ್ರು ಇದರೊಳಗೆ ಕೂತಾರಾ?’

ಮುಸವ್ವಿರನಿಗೆ ಖುಷಿ ತಲೆಗೇರಿತ್ತು. ‘ಆ ಯೋಚ್ನೆ ನಿಮಗೆ ಬೇಡ ಸಾರ್. ಆಳು ಮನೇಲೇ ಐತೆ, ಸಣ್ಣ ಮೈ, ಚಿಕ್ಕ ವಯಸ್ಸು. ಮಂಡ್ಯಕ್ಕೆ ಓದಕ್ಕೆ ಓಯ್ತೀನಿ ಅಂತಿತ್ತು, ಅದನ್ನ ನಿಲ್ಲಿಸ್ತೀನಿ. ಇನ್ನು ನಮ್ಮ ಕಾಲ ಇರೋಗಂಟ ತೊಂದ್ರೆ ಇಲ್ಲ. ಮರಿಸ್ವಾಮಿ, ಸಾರ್ ವಿಡಿಯೋ ತಕ್ಕತಾರಂತೆ, ಹೊಡಿ.’

ಬಾಗಿಲ ಹತ್ತಿರ ಟೀ ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಶಬ್ರೀನ್ ಅಲ್ಲೇ ನಿಂತಿದ್ದಾಳೆ, ಎಲ್ಲ ಕೇಳಿಸಿಕೊಂಡಿದ್ದಾಳೆ ಎಂದು ಶಂಸುವಿಗೆ ಗೊತ್ತಾಯಿತು. ಬೆಂಚು, ಟೀ ಲೋಟ, ಅಬ್ಬಾನ ಸಣ್ಣ ದನಿ, ಓಣಿಯಲ್ಲಿ ದೂರವಾದ ಚಪ್ಪಲಿ ಸದ್ದು, ಎಲ್ಲ ಒಟ್ಟಿಗೆ ಅವಳ ಎದೆಗೆ ಬಂದು ಕೂತವು. ಸಿಟ್ಟಿನಿಂದ ಅವಳ ಕಣ್ಣಲ್ಲಿ ನೀರು ಬಂತು. ಗುಂಡನ್ನು ಎತ್ತಿ ತಗಡಿಗೆ ತಟ್ಟಿದಳು, ಎರಡು ಸಲ.

ಮರಿಸ್ವಾಮಿ ಎತ್ತಿದ ಸುತ್ತಿಗೆಯನ್ನು ನೆಲಕ್ಕೆ ಇಟ್ಟ.

‘ಯಾಕಪ್ಪ ನಿಲ್ಲಿಸ್ದೆ?’ ಎಂದರು ಶಿವಶಂಕರ್.

‘ಎರಡು ತಟ್ಟುದ್ರು ಸಾ. ಎರಡು ತಟ್ಟುದ್ರೆ ಹೊಡೆಯಂಗಿಲ್ಲ.’

‘ಏನಿಲ್ಲ ಸಾರ್, ಗುಂಡು ಜಾರಿರ್ಬೇಕು. ಹೊಡಿ ಮರಿಸ್ವಾಮಿ’ ಎಂದ ಮುಸವ್ವಿರ್.

ಶಂಸು ಮತ್ತೆ ಎರಡು ತಟ್ಟಿದಳು. ಮರಿಸ್ವಾಮಿ ಕೈಕಟ್ಟಿ ನಿಂತ.

‘ಹುಡುಗನಿಗೆ ಏನಾರ ಆಗೈತಾ ನೋಡ್ರಿ ಮೊದ್ಲು’ ಎಂದು ಶಿವಶಂಕರ್ ಫೋನು ಹಿಡಿದುಕೊಂಡೇ ಮುಂದೆ ಬಂದರು.

‘ಹುಡುಗ ಅಲ್ಲ ಸಾರ್’ ಎಂದಿತು ಒಳಗಿನ ದನಿ. ತಾಮ್ರ ಆ ದನಿಯನ್ನು ದೊಡ್ಡದು ಮಾಡಿ ಹೊರಗೆ ಕಳಿಸಿತು. ‘ಇದರೊಳಗೆ ಹುಡುಗ ಯಾವತ್ತೂ ಕೆಲಸ ಮಾಡಿಲ್ಲ. ಮೊದಲನೇ ಬಾಯ್ಲರಿಂದ ಇವತ್ತಿನ ಗಂಟ ನಾನೇ, ಇವರ ತಂಗಿ. ಫೋನ್ ಒಳಗಿಡಿ ಸಾರ್, ಇದು ನಮ್ಮ ಮನೆ ಮಾತು.’

ಶಿವಶಂಕರ್ ಫೋನು ಜೇಬಿಗೆ ಹಾಕಿದರು. ಅಣ್ಣನ ಮುಖ ನೋಡಿದರು. ಅವನ ಮುಖದಲ್ಲಿ ರಕ್ತ ಇರಲಿಲ್ಲ.

‘ಶಂಸು, ಈಚೆ ಬಾ. ಮರ್ಯಾದೆ ತೆಗೀಬೇಡ.’

‘ಬರಲ್ಲ ಭಾಯಿ. ಇಷ್ಟು ವರ್ಷ ಯಾರಾದ್ರೂ ಬಂದ್ರೆ ಈಚೆ ಬರ್ಬೇಡ ಅಂದ್ರಿ, ಬರ್ಲಿಲ್ಲ. ಇವತ್ತು ಬಾ ಅಂದ್ರೂ ಬರಲ್ಲ. ಶಬ್ರೀನ್ ಬಸ್ ಹತ್ಲಿ. ಮಂಡ್ಯ ದಾರೀಲಿ ಬಸರಾಳು ದಾಟಿ ಅವಳು ಫೋನ್ ಮಾಡ್ಲಿ. ಆಮೇಲೆ ಬರ್ತೀನಿ.’

‘ಇದನ್ನ ಕೂತು ಬಗೆಹರಿಸ್ಕಳಿ, ಆಮೇಲೆ ಮಾತಾಡಣ’ ಎಂದು ಶಿವಶಂಕರ್ ಕಾರು ಹತ್ತಿದರು. ಆರ್ಡರು ಇದೆಯೋ ಇಲ್ಲವೋ ಹೇಳಲಿಲ್ಲ.

ಮುಸವ್ವಿರ್ ಸ್ಟೂಲು ಹತ್ತಿದ. ತಂಗಿಯ ರಟ್ಟೆ ಹಿಡಿದು ಎಳೆದುಬಿಡೋಣ ಎಂದೇ ಹತ್ತಿದ್ದು. ಅದಕ್ಕೆ ಆ ಕಿರಿದಾದ ಬಾಯಿಯೊಳಗೆ ತೋಳು, ತಲೆ ಇಳಿಸಬೇಕು. ಬಗ್ಗಿದ. ಒಳಗಿನ ಕತ್ತಲೆ ಕಂಡಿತು, ಮುಖಕ್ಕೆ ಬಿಸಿ ಗಾಳಿ ಹೊಡೆಯಿತು. ತಟ್ಟನೆ ತಲೆ ಹಿಂದಕ್ಕೆ ಎಳೆದುಕೊಂಡ. ತಲೆ ನರೆತರೂ ಅವನು ಅದೇ ಹನ್ನೆರಡು ವರ್ಷದ ಹುಡುಗ. ತಾಮ್ರದ ಅಂಚು ಹಿಡಿದು, ಮರಿಸ್ವಾಮಿಗೆ ಕೇಳದಷ್ಟು ಮೆಲ್ಲಗೆ ಹೇಳಿದ.

‘ನಾನು ಏನೂ ಅಲ್ಲ ಅಂತ ಊರಿಗೆಲ್ಲ ಗೊತ್ತಾಯ್ತದೆ ಶಂಸು.’

‘ನನಗೆ ಮೊದಲಿಂದ ಗೊತ್ತಲ್ಲ ಭಾಯಿ’ ಎಂದಳು ಅವಳು. ‘ನಾನು ಯಾವತ್ತಾದ್ರೂ ಆಡ್ಕೊಂಡ್ನಾ?’

ಅವನು ಸ್ಟೂಲಿನಿಂದ ಇಳಿದು, ತೋಳಿನಿಂದ ಮುಖ ಒರೆಸಿಕೊಂಡ. ಬಾಗಿಲಿನಲ್ಲಿ ನಿಂತಿದ್ದ ತಂಗಿಯ ಮಗಳಿಗೆ, ‘ನಡಿ ಬೇಟಿ, ಬಸ್ಸಿಗೆ ಹೊತ್ತಾಯ್ತು’ ಎಂದ. ಶಬ್ರೀನ್ ಬಾಯ್ಲರಿನ ಹತ್ತಿರ ಬಂದು ತಗಡಿಗೆ ಅಂಗೈ ಒತ್ತಿದಳು. ‘ಅಮ್ಮೀ, ಹೇಗೆ ಹೋಗ್ಲಿ ನಿನ್ನ ಹಿಂಗೆ ಬಿಟ್ಟು?’ ಎಂದಳು. ‘ಕಾಲಲ್ಲಿ ಹೋಗು. ನೀನು ನಿಂತಷ್ಟು ಹೊತ್ತು ನಾನು ಒಳಗೇ ಇರ್ಬೇಕು’ ಎಂದಳು ಅಮ್ಮ. ಹುಡುಗಿ ಅಳುತ್ತಲೇ ಬ್ಯಾಗು ಎತ್ತಿಕೊಂಡಳು.

ಮೇಲಿನ ಶೀಟು ಕಾಯತೊಡಗಿತು, ಬಾಯ್ಲರೂ ಕಾಯತೊಡಗಿತು. ಮರಿಸ್ವಾಮಿ ಹಗ್ಗ ಕಟ್ಟಿ ಒಂದು ಬಾಟಲಿ ನೀರು ಇಳಿಬಿಟ್ಟ. ‘ಉಸಾರಾ ಶಂಸವ್ವ’ ಎಂದು ಆಗಾಗ ಕೇಳುತ್ತಿದ್ದ, ಅವಳು ಹೂಂ ಎನ್ನುತ್ತಿದ್ದಳು. ಮುಸವ್ವಿರ್ ಗೋಣಿಚೀಲವನ್ನು ನೀರಿನಲ್ಲಿ ಅದ್ದಿ ತಂದು ಡ್ರಮ್ಮಿನ ಸುತ್ತ ಹೊದಿಸಿದ. ಕೊನೆಗೆ ಅವನ ಫೋನು ರಿಂಗಾಯಿತು. ಅವನು ಅದನ್ನು ಬಾಯ್ಲರಿನ ಬಾಯಿಗೆ ಹಿಡಿದ. ಬಸ್ಸಿನ ಗಡಗಡ, ಕಂಡಕ್ಟರನ ಸೀಟಿ, ಅದರ ನಡುವೆ, ‘ಅಮ್ಮೀ, ಬಸರಾಳು ದಾಟ್ತು.’

ಶಂಸು ಎದ್ದು ಕೈ ಮೇಲೆತ್ತಿದಳು. ತಲೆ ಹೊರಗೆ ಬಂತು, ಒಂದು ತೋಳು ಬಂತು, ಹೆಗಲು ಬರಲಿಲ್ಲ. ಹಚ್ಚಿದ್ದ ಎಣ್ಣೆ ಬೆವರಿನಲ್ಲಿ ಎಂದೋ ತೊಳೆದುಹೋಗಿತ್ತು. ಮತ್ತೆ ಸುರಿದರು, ಎಳೆದರು. ಅಣ್ಣನ ಹೆಂಡತಿಯೂ ಬಂದು ಕೈ ಕೊಟ್ಟಳು. ಚರ್ಮ ಕಿತ್ತು ಬಂತೇ ಹೊರತು ಹೆಗಲು ಬರಲಿಲ್ಲ. ಅವಳಿಗೆ ಮೇಲುಸಿರು ಹತ್ತಿತು. ಮೆಲ್ಲಗೆ ಮತ್ತೆ ಒಳಕ್ಕೆ ಇಳಿದು ಕೂತಳು.

ಮರಿಸ್ವಾಮಿ ಮುಸವ್ವಿರನ ಕಡೆ ನೋಡಿದ. ‘ತಳ ಬಿಚ್ಬೇಕು ಸಾಬ್ರೆ. ಬಿಚ್ಚುದ್ರೆ ತಗಡು ಮತ್ತೆ ಕೆಲಸಕ್ಕೆ ಬರಾಕಿಲ್ಲ.’

ಮುಸವ್ವಿರ್ ಬಾಯ್ಲರನ್ನು ನೋಡಿದ. ಹುಣಸೆಹಣ್ಣಿನಲ್ಲಿ ತೊಳೆದ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ಎಷ್ಟೋ ವರ್ಷದ ಮೇಲೆ ಈ ಶೆಡ್ಡಿನಲ್ಲಿ ಎದ್ದು ನಿಂತ ದೊಡ್ಡ ಕೆಲಸ ಅದು, ಬಹುಶಃ ಕೊನೆಯದು. ಅವನು ಗೋಡೆಗೆ ಒರಗಿಸಿದ್ದ, ರಿವಿಟ್ಟು ಕತ್ತರಿಸುವ ಚಾಣವನ್ನು ಎತ್ತಿಕೊಂಡ. ಮರಿಸ್ವಾಮಿ ಚಾಣಕ್ಕೆ ಕೈ ಚಾಚಿದ, ಅವನು ಕೊಡಲಿಲ್ಲ. ಇಬ್ಬರೂ ಸೇರಿ ಬಾಯ್ಲರನ್ನು ಮೆಲ್ಲಗೆ ಪಕ್ಕಕ್ಕೆ ಮಲಗಿಸಿದರು. ಮುಸವ್ವಿರ್ ತಳದ ಸಾಲಿನ ಎದುರು ನೆಲದ ಮೇಲೆ ಕೂತು, ತಗಡಿಗೆ ಬಾಯಿ ಹತ್ತಿರ ತಂದ.

‘ಶಂಸು, ರಿವಿಟ್ಟು ಕತ್ತರಿಸ್ತೀನಿ. ಒಳಗಿಂದ ನೀನು ಹಿಡೀಬೇಕು, ಇಲ್ದಿದ್ರೆ ತಗಡು ಹರಿದು ನಿನ್ನ ಮೇಲೇ ಬರ್ತದೆ. ಆಯ್ತದಾ?’

ಒಳಗೆ ಶಂಸು ಕತ್ತಲಲ್ಲಿ ತಡಕಾಡಿ ಕಬ್ಬಿಣದ ಗುಂಡು ಹುಡುಕಿದಳು. ಅಂಗೈಯಲ್ಲಿ ಸಾಲನ್ನು ಸವರುತ್ತ ಹೋಗಿ ಮೊದಲನೆಯ ರಿವಿಟ್ಟನ್ನು ಹಿಡಿದಳು. ಬೆಳಗ್ಗೆ ತಾನೇ ಕೂರಿಸಿದ್ದು ಅದು, ಬಿಗಿಯಾಗಿತ್ತು. ಅದರ ತಲೆಗೆ ಗುಂಡು ಒತ್ತಿ, ಭುಜ ಕೊಟ್ಟು, ಒಂದು ಸಲ ತಟ್ಟಿದಳು.